ಮಾದಿಹಳ್ಳಿಯ ರಮಾ ಡಯಾಲಿಸಿಸ್ ಕಲಿತದ್ದು

ತಾಯಿಯ ರಕ್ತ ಮೈಯಿಂದ ಹೊರಗೆ ಬಂದು, ಒಂದು ಸುತ್ತು ಹಾಕಿ, ಮತ್ತೆ ಮೈಯೊಳಕ್ಕೆ ಹೋದದ್ದನ್ನು ರಮಾ ಮೊದಲ ಸಲ ಕಂಡದ್ದು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಅವಳಿಗಾಗ ಇಪ್ಪತ್ತೆರಡು ವರ್ಷ. ಅವ್ವನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಮಂಚದ ಕಾಲ ಬಳಿ ನಿಂತಿದ್ದಳು. ಅವನ್ನು ಎಲ್ಲಿಡಬೇಕೆಂದು ಯಾರೂ ಹೇಳಿರಲಿಲ್ಲ.

ಅದು ತೊಂಬತ್ತೊಂಬತ್ತನೆಯ ಇಸವಿ. ಆ ವರ್ಷ ನಾಟಿಯ ಕಾಲದಲ್ಲಿ ಅವ್ವ ದೇವೀರಮ್ಮನ ಕಾಲು ಊದಿಕೊಂಡಿತು. ಗದ್ದೆಯ ನೀರಿನಲ್ಲಿ ನಿಂತೂ ನಿಂತೂ ಹೀಗಾಗಿದೆ ಎಂದು ಎಲ್ಲರೂ ಅಂದರು. ಆಮೇಲೆ ಮುಖವೂ ಊದಿತು, ಊಟದ ವಾಸನೆಗೇ ಹೊಟ್ಟೆ ತೊಳಸತೊಡಗಿತು. ಹಳೇಬೀಡಿನ ಡಾಕ್ಟರು ಹಾಸನಕ್ಕೆ ಕಳಿಸಿದರು. ಹಾಸನದವರು ರಕ್ತ ಪರೀಕ್ಷೆ ಮಾಡಿ, ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿವೆ, ಇನ್ನು ಮೆಷಿನ್ನಿನಲ್ಲಿ ರಕ್ತ ಶುದ್ಧ ಮಾಡಿಸುತ್ತಿರಬೇಕು, ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು.

ರಮಾಳ ಅಣ್ಣ ನಟರಾಜ್ ಅರೇಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ರಜೆ ಸಿಕ್ಕ ದಿನ ಮಾತ್ರ ಅವನು ಬರುವುದು. ಅಪ್ಪ ಕೆಂಚಯ್ಯ ಊರ ಕೆರೆಯ ನೀರುಗಂಟಿ. ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವವನು, ತೂಬು ಎತ್ತುವವನು, ಇಳಿಸುವವನು ಅವನೇ. ಪೈರು ನಿಂತಿರುವಾಗ ಅವನು ಊರು ಬಿಡುವ ಹಾಗಿರಲಿಲ್ಲ. ಬಿಡುವ ಹಾಗಿದ್ದರೂ ಬರುತ್ತಿದ್ದನೋ ಇಲ್ಲವೋ. ಆಸ್ಪತ್ರೆ ಎಂದರೆ ಅವನಿಗೆ ಕೈಕಾಲು ತಣ್ಣಗಾಗುತ್ತಿತ್ತು. ಹೀಗಾಗಿ, ಪಿಯುಸಿ ಮುಗಿಸಿ ಮನೆಯಲ್ಲಿದ್ದ ರಮಾಳೇ ಅವ್ವನನ್ನು ಕರೆದುಕೊಂಡು ಹೊರಟಳು. ಮಾದಿಹಳ್ಳಿಯಿಂದ ಹಳೇಬೀಡಿಗೆ ಒಂದು ಬಸ್ಸು, ಅಲ್ಲಿಂದ ಅರಸೀಕೆರೆಗೆ ಇನ್ನೊಂದು, ಅರಸೀಕೆರೆಯಲ್ಲಿ ರೈಲು.

ಡಯಾಲಿಸಿಸ್ ಕೋಣೆಯಲ್ಲಿ ನಡುವಯಸ್ಸಿನ ಒಬ್ಬ ಹೆಂಗಸು ಡಾಕ್ಟರು ಅವ್ವನ ಕತ್ತಿನ ಪಕ್ಕ ಹಾಕಿದ್ದ ನಳಿಕೆಗೆ ಎರಡು ಪ್ಲಾಸ್ಟಿಕ್ ಕೊಳವೆ ಜೋಡಿಸಿದಳು. ಮೆಷಿನ್ನಿನ ಮುಖದ ಮೇಲಿದ್ದ ಚಕ್ರ ನಿಧಾನವಾಗಿ ತಿರುಗಿತು. ಅದುವರೆಗೆ ನೀರಿನಂತೆ ತಿಳಿಯಾಗಿದ್ದ ಕೊಳವೆಯೊಳಗೆ ಕೆಂಪು ಏರಿತು. ಅದು ಏರುತ್ತ ಹೋಗಿ, ಚಕ್ರ ದಾಟಿ, ಮೊಳದುದ್ದದ ಒಂದು ದಪ್ಪ ಕೊಳವೆಯೊಳಗೆ ಹೊಕ್ಕು, ಇನ್ನೊಂದು ತುದಿಯಿಂದ ಹೊರಬಂದು ಅವ್ವನ ಕಡೆಗೇ ಹರಿಯಿತು. ರಮಾ ಆ ಕೆಂಪನ್ನೇ ನೋಡುತ್ತ ನಿಂತಳು. ಮನುಷ್ಯರ ರಕ್ತ ಕಂಡರೆ ಏನೋ ಕೆಟ್ಟದ್ದಾಯಿತು ಎಂದೇ ಅವಳು ತಿಳಿದಿದ್ದದ್ದು. ಇಲ್ಲಿ ಅದು ಮೈ ಬಿಟ್ಟು ಹೊರಗೆ ಬಂದಿದೆ, ಯಾರೂ ಕೂಗಿಕೊಳ್ಳುತ್ತಿಲ್ಲ. ಅವ್ವ ಕಣ್ಣು ಮುಚ್ಚಿ ಮಲಗಿದ್ದಾಳೆ. ಕೊಳವೆ ಜೋಡಿಸಿದ ಹೆಂಗಸು ಪಕ್ಕದ ಮಂಚದವರ ಹತ್ತಿರ ಹುಣಸೆಹಣ್ಣಿನ ವಿಚಾರ ಮಾತಾಡುತ್ತಿದ್ದಾಳೆ.

"ಅದು ಒಳಗೆ ಹೋಗಿ ಏನ್ ಮಾಡ್ತದೆ?" ಎಂದು ರಮಾ ಆ ದಪ್ಪ ಕೊಳವೆ ತೋರಿಸಿ ಕೇಳಿದಳು.

ಆ ಹೆಂಗಸು ತಿರುಗಿ ನೋಡಿದಳು. "ಎಲ್ರೂ ಎಷ್ಟೊತ್ತಾಗ್ತದೆ ಅಂತ ಕೇಳ್ತಾರೆ. ನೀನು ಇದನ್ನ ಕೇಳ್ತಿದೀಯಲ್ಲ. ಯಾವೂರು?"

ಅವಳ ಹೆಸರು ಲಲಿತಮ್ಮ. ಅರಸೀಕೆರೆಯ ಪಕ್ಕದ ಬಾಣಾವರದವಳು. ಈ ಕೆಲಸದವರಿಗೆ ಟೆಕ್ನಿಶಿಯನ್ ಎನ್ನುತ್ತಾರೆಂದು ರಮಾಳಿಗೆ ಗೊತ್ತಾದದ್ದೂ ಅವಳಿಂದಲೇ.

ಸಂಜೆಯ ರೈಲಿನಲ್ಲಿ ಇನ್ನೂ ಹೆಚ್ಚಿನ ಬೆರಗು ಕಾದಿತ್ತು. ಬೆಳಿಗ್ಗೆ ಮಗಳ ಹೆಗಲಿಗೆ ಒರಗಿ ನರಳುತ್ತ ಬಂದಿದ್ದ ದೇವೀರಮ್ಮ ಈಗ ಕಿಟಕಿ ಪಕ್ಕ ನೆಟ್ಟಗೆ ಕೂತಿದ್ದಳು. ತಿಪಟೂರಿನಲ್ಲಿ ಗಾಡಿ ನಿಂತಾಗ, "ಹಸಿವಾಯ್ತದೆ ಕಣೇ, ಒಂದಿಡ್ಲಿ ಕೊಡ್ಸು" ಅಂದಳು. ವಾರಗಳಿಂದ ಗಂಜಿಯೂ ಇಳಿಯದ ಬಾಯಿ ಅದು. ಅವ್ವ ಇಡ್ಲಿ ಮುರಿದು ಮುರಿದು ತಿನ್ನುವುದನ್ನು ರಮಾ ದೇವರ ಪೂಜೆ ನೋಡಿದಂತೆ ನೋಡಿದಳು.

ದೇವೀರಮ್ಮ ಒಂದು ವರ್ಷದ ಮೇಲೆ ಸ್ವಲ್ಪ ದಿನ ಬದುಕಿದಳು. ವಾರಕ್ಕೆರಡು ಸಲ ಬಸ್ಸು, ರೈಲು, ಮೆಷಿನ್ನು. ಕೊನೆಗೆ ಜ್ವರವೊಂದು ಬಂದು, ಮೆಷಿನ್ನಿನಿಂದ ತೆಗೆಯಲಾಗದ ಎಂಥದೋ ಸೋಂಕು ಮೈಗೆ ಹರಡಿ, ಒಂದು ಮಧ್ಯಾಹ್ನ ಮನೆಯಲ್ಲೇ ಕಣ್ಣು ಮುಚ್ಚಿದಳು. ತಿಥಿ ಮುಗಿದ ಮೇಲಿನ ವಾರ, ಎಂದಿನ ದಿನವೇ, ಎಂದಿನ ಬಸ್ಸಿಗೇ ರಮಾ ಒಬ್ಬಳೇ ಹತ್ತಿದಳು. ಯಾಕೆ ಹೊರಟೆನೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಡಯಾಲಿಸಿಸ್ ಕೋಣೆಯ ಬಾಗಿಲಲ್ಲಿ ಲಲಿತಮ್ಮನನ್ನು ಕಂಡಾಗ ಮಾತು ತಾನಾಗಿ ಬಂತು.

"ಅವ್ವ ಹೋದ್ಲು. ನಾನು ಇದನ್ನ ಕಲೀಬೌದಾ ಅಕ್ಕ?"

ಲಲಿತಮ್ಮ ಅವಳನ್ನು ಒಳಗೆ ಕೂರಿಸಿ, ನೀರು ಕೊಟ್ಟು, ಪಕ್ಕದಲ್ಲಿ ಕೂತಳು. ಆಮೇಲೆ, "ಪಿಯುಸೀಲಿ ಸೈನ್ಸ್ ತಗೊಂಡಿದ್ಯಾ?" ಎಂದು ಕೇಳಿದಳು.

ತಗೊಂಡಿದ್ದಳು. ಆ ಆಸ್ಪತ್ರೆಯಲ್ಲೇ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ನಡೆಯುತ್ತಿತ್ತು. ನಟರಾಜ್ ತಂಗಿಯ ಪರವಾಗಿ ಅಪ್ಪನ ಹತ್ತಿರ ಮಾತಾಡಿದ. ಮದುವೆಯ ಮಾತು ಎತ್ತಲು ಬಂದ ನೆಂಟರಿಗೆ ಕೆಂಚಯ್ಯ, "ಓದೋಕೆ ಹೋಗ್ತಾವ್ಳೆ, ಆಮೇಲೆ ನೋಡಾನ" ಎಂದಷ್ಟೇ ಹೇಳಿ ಕೆರೆ ಏರಿಯ ಕಡೆ ನಡೆದ.

ಆಸ್ಪತ್ರೆಯ ಹಿಂದಿನ ಹಾಸ್ಟೆಲಿನಲ್ಲಿ ರಮಾಳಿಗೆ ಮಂಚ ಸಿಕ್ಕಿತು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ತಿಂಗಳು ಅವಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಆದರೆ ಒಂದು ದಿನ ಲಲಿತಮ್ಮ ಬಿಸಾಡಬೇಕಿದ್ದ ಹಳೆಯ ಡಯಲೈಸರ್ ಒಂದನ್ನು, ಅದೇ ಆ ಮೊಳದುದ್ದದ ದಪ್ಪ ಕೊಳವೆಯನ್ನು, ಗರಗಸದಿಂದ ಕುಯ್ದು ವಿದ್ಯಾರ್ಥಿಗಳ ಮುಂದೆ ತೆರೆದಿಟ್ಟಳು. ಒಳಗೆ ಬಿಳಿಯ ಎಳೆಗಳು ಒತ್ತೊತ್ತಾಗಿ ತುಂಬಿದ್ದವು, ಒಣಗಿಸಿಟ್ಟ ಶಾವಿಗೆಯ ಕಟ್ಟಿನ ಹಾಗೆ.

"ಒಂದೊಂದು ಎಳೇನೂ ಟೊಳ್ಳು," ಎಂದಳು ಲಲಿತಮ್ಮ. "ಒಳಗಡೆ ರಕ್ತ ಹರೀತದೆ, ಹೊರಗಡೆ ನೀರು ಹರೀತದೆ. ಎರಡೂ ಒಂದನ್ನೊಂದು ಮುಟ್ಟೋದಿಲ್ಲ. ಎಳೆಯ ಗೋಡೇಲಿ ಕಣ್ಣಿಗೆ ಕಾಣದ ತೂತುಗಳಿವೆ. ಕಶ್ಮಲ ಮಾತ್ರ ದಾಟಿ ಹೋಗ್ತದೆ, ರಕ್ತ ಉಳೀತದೆ."

ರಮಾ ಒಂದು ಎಳೆಯನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಕೂದಲಿಗಿಂತ ಸ್ವಲ್ಪ ದಪ್ಪ ಇರಬಹುದು. ಇಷ್ಟು ಸಣ್ಣದರೊಳಗೆ ದಾರಿ ಇದೆ, ಆ ದಾರಿಯಲ್ಲಿ ಅವ್ವ ಹರಿದು ಹೋಗಿದ್ದಳು ಎಂದು ನೆನೆದಾಗ ಅವಳ ತೋಳಿನ ರೋಮಗಳೆಲ್ಲ ಎದ್ದು ನಿಂತವು. ಆವತ್ತಿನಿಂದ ಇಂಗ್ಲಿಷ್ ಅಷ್ಟು ಕಷ್ಟವೆನಿಸಲಿಲ್ಲ. ಪ್ರತಿ ಕಠಿಣ ಪದದ ಹಿಂದೆಯೂ ಇಂಥದೊಂದು ಇದೆ ಎಂದು ಗೊತ್ತಾಗಿತ್ತು.

ಕೈಕೆಲಸ ಮಾತ್ರ ಬೇಗ ಒಲಿಯಲಿಲ್ಲ. ಕಾಯಂ ಡಯಾಲಿಸಿಸ್‌ಗೆ ಬರುವವರ ತೋಳಿನಲ್ಲಿ ಡಾಕ್ಟರು ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿರುತ್ತಾರೆ. ಅದಕ್ಕೆ ಫಿಸ್ಟುಲಾ ಎಂದು ಹೆಸರು. ಬರಬರುತ್ತ ಆ ನಾಳ ಹಗ್ಗದಂತೆ ಉಬ್ಬುತ್ತದೆ. ಟೆಕ್ನಿಶಿಯನ್ ಪ್ರತಿ ಸಲವೂ ಅದಕ್ಕೆ ಎರಡು ದಪ್ಪ ಸೂಜಿ ಚುಚ್ಚಬೇಕು, ರಕ್ತ ಹೊರಗೆ ಬರಲು ಒಂದು, ಒಳಗೆ ಹೋಗಲು ಒಂದು. ರಮಾ ಮೊದಲ ಸಲ ಚುಚ್ಚಿದ ವೃದ್ಧರ ತೋಳಿನಲ್ಲಿ ಸೂಜಿ ನಾಳವನ್ನು ದಾಟಿ ಆಚೆಗೆ ಹೋಯಿತು. ನೋಡುತ್ತಿದ್ದಂತೆ ಚರ್ಮ ನೀಲಿಯಾಗಿ ಬಾತುಕೊಂಡಿತು.  ರಮಾ ಸಾಮಾನಿನ ಕೋಣೆಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತಳು.

ಲಲಿತಮ್ಮ ಅಲ್ಲಿಗೇ ಬಂದಳು. "ಕೈ ನಡುಗಿದ್ದಕ್ಕೆ ಹಿಂಗಾಗಿಲ್ಲ. ನೀನು ಕಣ್ಣಿಂದ ಚುಚ್ಚೋಕೆ ಹೋದೆ. ಬಾ ಇಲ್ಲಿ."

ಕರೆದುಕೊಂಡು ಹೋಗಿ ಒಬ್ಬ ರೋಗಿಯ ತೋಳಿನ ಮೇಲೆ ರಮಾಳ ಬೆರಳುಗಳನ್ನಿಟ್ಟು, ಕಣ್ಣು ಮುಚ್ಚು ಎಂದಳು. ರಮಾ ಮುಚ್ಚಿದಳು. ಚರ್ಮದಡಿಯಲ್ಲಿ ಏನೋ ಜುಂಯ್ ಎನ್ನುತ್ತಿತ್ತು. ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದಲ್ಲಿ ಜೀರ್ಜಿಂಬೆ ಹಿಡಿದಿಟ್ಟು ಅಂಗೈಯಲ್ಲಿ ಮುಚ್ಚಿಕೊಂಡರೆ ಹೀಗೇ ಆಗುತ್ತಿತ್ತು. ಬೆರಳು ಸರಿಸಿದಂತೆ ಆ ಜುಂಯ್ ಒಂದು ಕಡೆ ಜೋರಾಗುತ್ತಿತ್ತು, ಇನ್ನೊಂದು ಕಡೆ ಸಣ್ಣಗಾಗುತ್ತಿತ್ತು. ನಾಳ ಎಲ್ಲಿ ಆಳಕ್ಕೆ ಇಳಿಯುತ್ತದೆ, ಎಲ್ಲಿ ಮೇಲೆ ಬರುತ್ತದೆ, ಎಲ್ಲಿ ತಿರುಗುತ್ತದೆ ಎಂಬುದೆಲ್ಲ ಬೆರಳಿಗೆ ತಿಳಿಯುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ರೋಗಿಯೇ, "ಏನಮ್ಮ, ರೇಡಿಯೋ ಕೇಳ್ತಾ ಇದೀಯಾ?" ಎಂದಾಗ ಎಚ್ಚರವಾಯಿತು.

ಹಾಗೆ ಕೇಳಿದವರು ಅರಸೀಕೆರೆಯ ಇಂದುಧರ, ಕೊಬ್ಬರಿ ಮಂಡಿಯ ವರ್ತಕರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಹೆಂಡತಿ ಸುವರ್ಣಮ್ಮನ ಜೊತೆ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಮಾತಿನಲ್ಲಿ ಚುರುಕು. ಮುಂದಿನ ವಾರ ಅವರಿಗೆ ಸೂಜಿ ಹಾಕುವ ಕೆಲಸವನ್ನು ಲಲಿತಮ್ಮ ರಮಾಳಿಗೆ ಒಪ್ಪಿಸಿದಳು. ಹತ್ತಿಗೆ ಸ್ಪಿರಿಟ್ ಹಾಕಿಕೊಳ್ಳುತ್ತಿದ್ದಾಗ ಸುವರ್ಣಮ್ಮ ಕೇಳಿದರು.

"ನಮ್ಮ ಕಡೆಯೋಳೇ ಅಂತಲ್ಲಮ್ಮ. ಮಾದಿಹಳ್ಳೀಲಿ ಯಾರ ಪೈಕಿ?"

"ಕೆರೆ ನೀರುಗಂಟಿ ಕೆಂಚಯ್ಯ ಅವರ ಮಗಳು ಅಮ್ಮ."

ಸುವರ್ಣಮ್ಮನಿಗೆ ಅಷ್ಟರಲ್ಲೇ ಎಲ್ಲ ಅರ್ಥವಾಯಿತು. ಅವರೇನೂ ಒರಟಾಗಿ ಆಡಲಿಲ್ಲ. ಲಲಿತಮ್ಮನ ಕಡೆ ತಿರುಗಿ, "ಇವತ್ತು ನೀವೇ ಹಾಕ್ಬಿಡಿ. ಇವರಿಗೆ ನಿಮ್ಮ ಕೈ ರೂಢಿ," ಅಂದರು. ರಮಾ ತಟ್ಟೆಯನ್ನು ಕೆಳಗಿಟ್ಟು ಪಕ್ಕಕ್ಕೆ ಸರಿದಳು. ಇಂಥ ಮೆತ್ತನೆಯ ಮಾತುಗಳನ್ನು ಅವಳು ಹುಟ್ಟಿದಾಗಿನಿಂದ ಕೇಳಿದ್ದಳು. ಅದಾದ ಮೇಲೂ ಎರಡು ಮೂರು ಸಲ ಹಾಗೇ ಆಯಿತು.

ಆಮೇಲೊಂದು ದಿನ ಲಲಿತಮ್ಮ ರಜೆಯಲ್ಲಿದ್ದಳು. ಮತ್ತೊಬ್ಬ ಟೆಕ್ನಿಶಿಯನ್ ಆಚೆ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಸುವರ್ಣಮ್ಮ, "ಅವರು ಬರೋವರೆಗೂ ಕಾಯೋಣ ಬಿಡಿ," ಅಂದಾಗ ಇಂದುಧರ ತಲೆದಿಂಬಿನಿಂದ ಸ್ವಲ್ಪ ಎದ್ದರು.

"ನನ್ನ ರಕ್ತ ಓಡೋ ಈ ಕೊಳವೇನ ಪ್ರತಿ ಸಲ ತೊಳೆದು, ಔಷಧಿ ತುಂಬಿ, ನನ್ನ ಹೆಸರು ಬರೆದು ಇಡೋರು ಯಾರು ಅಂದ್ಕೊಂಡಿದೀಯ? ಈ ಹುಡುಗೀನೇ. ನಾನು ಬಂದಾಗೆಲ್ಲ ನೋಡ್ತಾ ಇದೀನಿ. ಒಳಗಿನ ರಕ್ತಕ್ಕೆ ಇಲ್ಲದ ಮೈಲಿಗೆ ಮೇಲಿನ ಚರ್ಮಕ್ಕೆ ಯಾಕೆ?" ಎಂದು ತೋಳು ಚಾಚಿದರು. "ಹಾಕಮ್ಮ."

ರಮಾ ಬೆರಳಿಟ್ಟಳು, ಕೇಳಿಸಿಕೊಂಡಳು. ಸೂಜಿಯನ್ನು ಓರೆಯಾಗಿ ಹಿಡಿದು ತಳ್ಳಿದಳು. ಒಂದು ಸಣ್ಣ ತಡೆ, ಆಮೇಲೆ ತಡೆಯೇ ಇಲ್ಲ. ಸೂಜಿಯ ಹಿಂದಿನ ನಳಿಕೆಗೆ ರಕ್ತ ಚಿಮ್ಮಿ ಬಂತು.

"ಆಯ್ತಾ? ಗೊತ್ತೇ ಆಗ್ಲಿಲ್ಲ," ಎಂದರು ಇಂದುಧರ.

"ಮುಖ ಕಿವಿಚಿದ್ರಲ್ಲ ಸಾರ್, ನೋಡ್ದೆ."

ಅವರು ನಕ್ಕರು. ಸುವರ್ಣಮ್ಮ ಕಿಟಕಿಯ ಕಡೆ ನೋಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಕೆಂಚಯ್ಯ ನಟರಾಜನ ಜೊತೆ ಮಗಳನ್ನು ನೋಡಲು ಬಂದ. ರಾಗಿಹಿಟ್ಟು, ಹುರುಳಿಕಾಳು, ಒಂದು ಡಬ್ಬಿ ತುಪ್ಪ ತಂದಿದ್ದ. ಡಯಾಲಿಸಿಸ್ ಕೋಣೆಯ ಬಾಗಿಲ ಹೊರಗೇ ನಿಂತಿದ್ದವನನ್ನು ರಮಾ ಕೈ ಹಿಡಿದು ಒಳಗೆ ಕರೆದುಕೊಂಡಳು. ಹೆಂಡತಿ ವರ್ಷವೆಲ್ಲ ಬಂದು ಮಲಗುತ್ತಿದ್ದ ಕೋಣೆಯನ್ನು ಅವನು ನೋಡಿದ್ದು ಅದೇ ಮೊದಲು. ಸಾಲು ಮಂಚಗಳು, ಸಾಲು ಮೆಷಿನ್ನುಗಳು, ತಿರುಗುತ್ತಿರುವ ಚಕ್ರಗಳು, ಕೆಂಪು ಕೊಳವೆಗಳು. ಅವನು ಮೆಷಿನ್ನುಗಳ ಹಿಂದಿನ ನೀರಿನ ನಳಿಕೆಯ ಮೇಲೆ ಕಣ್ಣು ನೆಟ್ಟ.

"ನೀರು ಎಲ್ಲಿಂದ ಬತ್ತದೆ?" ಎಂದು ಕೊನೆಗೆ ಕೇಳಿದ.

ನೀರು ಶುದ್ಧ ಮಾಡುವ ಯಂತ್ರವಿದ್ದ ಕೋಣೆಯನ್ನು ಅವಳು ತೋರಿಸಿದಳು. ರಕ್ತ ಒಂದು ಕಡೆ, ನೀರು ಒಂದು ಕಡೆ, ನಡುವೆ ಗೋಡೆ ಎಂದು ವಿವರಿಸಿದಳು.

"ಏರಿ ಇದ್ದಂಗೆ."

"ಹೂಂ ಅಪ್ಪ, ಏರೀನೇ. ಆದ್ರೆ ಈ ಏರೀಲಿ ಕಣ್ಣಿಗೆ ಕಾಣದಂಥ ತೂಬುಗಳು. ಲೆಕ್ಕಕ್ಕೇ ಸಿಗಲ್ಲ."

ಕೆಂಚಯ್ಯ ಡಯಲೈಸರಿನ ಹತ್ತಿರಕ್ಕೆ ಬಗ್ಗಿದ. "ಅಷ್ಟು ತೂಬ ಎತ್ತೋರ್ ಯಾರು?"

"ಯಾರೂ ಎತ್ತಲ್ಲಪ್ಪ. ಹೆಚ್ಚಿರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ತಾನೇ ಹೋಯ್ತದೆ."

ಅವನು ಮತ್ತೆ ನೆಟ್ಟಗೆ ನಿಂತು ಟವೆಲಿನಿಂದ ಮುಖ ಒರೆಸಿಕೊಂಡ. "ನಿಮ್ಮವ್ವ ಇದನ್ನೆಲ್ಲ ನೋಡ್ತಿದ್ಲಾ?"

"ಕಣ್ಣು ಮುಚ್ಕೊಂಡಿರೋಳು. ಮುಗಿದ ಮೇಲೆ, ಮೈ ಹಗುರಾಯ್ತು ಕಣೇ ಅನ್ನೋಳು."

"ನಾನೂ ಒಂದ್ಸಾರಿ ಬರಬೇಕಿತ್ತು ಮಗ," ಎಂದ ಕೆಂಚಯ್ಯ. ಅಷ್ಟೇ. ಹೊರಡುವ ಮುಂಚೆ ಮೆಷಿನ್ನಿನ ಪಕ್ಕಕ್ಕೆ ಎರಡು ಬೆರಳು ಮುಟ್ಟಿಸಿ ಕಣ್ಣಿಗೊತ್ತಿಕೊಂಡ.

ಕೋರ್ಸ್ ಮುಗಿಯಲು ಸ್ವಲ್ಪ ದಿನವಿದ್ದಾಗ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಹಾಗೆ ಹೋಗುವುದು ಹೊಸದಲ್ಲ, ಜನರೇಟರ್ ಕ್ಷಣದಲ್ಲಿ ಹತ್ತಿಕೊಳ್ಳುತ್ತಿತ್ತು. ಆವತ್ತು ಅದು ಗುರ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಕೋಣೆಯ ಮೆಷಿನ್ನುಗಳೆಲ್ಲ ಒಟ್ಟಿಗೆ ಕೂಗಿಕೊಂಡವು, ಚಕ್ರಗಳು ನಿಂತವು. ಪ್ರತಿಯೊಬ್ಬರ ರಕ್ತವೂ ಕೊಳವೆಗಳಲ್ಲಿ ನಿಂತಲ್ಲೇ ನಿಂತಿತು. ಹಾಗೇ ಬಿಟ್ಟರೆ ಹೆಪ್ಪುಗಟ್ಟುತ್ತದೆ.

"ಕೈಯಲ್ಲಿ ತಿರುಗಿಸಿ," ಎಂದಳು ಲಲಿತಮ್ಮ ಆ ತುದಿಯಿಂದ. ದನಿಯಲ್ಲಿ ಗಾಬರಿ ಇರಲಿಲ್ಲ. "ಗುಳ್ಳೆ ನೋಡ್ಕೊಳ್ಳಿ."

ರಮಾ ಇದ್ದದ್ದು ಇಂದುಧರರ ಮಂಚದ ಬಳಿ. ಮೆಷಿನ್ನಿನ ಹಿಂದೆ ಸಿಕ್ಕಿಸಿದ್ದ ಸಣ್ಣ ಹಿಡಿಯನ್ನು ತೆಗೆದು ಚಕ್ರಕ್ಕೆ ಹಾಕಿದಳು. ಮೆಷಿನ್ ಬಿಗಿಹಿಡಿದಿದ್ದ ಕೊಳವೆಯನ್ನು ಸಡಿಲಿಸಿ, ಬಾಣದ ಗುರುತಿರುವ ಕಡೆಗೆ ತಿರುಗಿಸಲು ಶುರುಮಾಡಿದಳು. ಇನ್ನು ಗಾಳಿಯ ಗುಳ್ಳೆಯನ್ನು ತಡೆಯಲು ಮೆಷಿನ್ ಇಲ್ಲ, ಅವಳ ಕಣ್ಣೇ ಗತಿ. ಜೋರಾಗಿ ತಿರುಗಿಸಿದರೆ ನಾಳಕ್ಕೆ ಪೆಟ್ಟು, ನಿಧಾನಿಸಿದರೆ ಹೆಪ್ಪು.

ಕಿಟಕಿಯ ಬೆಳಕಿನಲ್ಲಿ ಕೊಳವೆಯ ಕೆಂಪು ಮತ್ತೆ ಅಲುಗಿತು. ಅವಳ ಕೈ ತಿರುಗಿದಷ್ಟೇ ಅದು ಹರಿಯಿತು, ಕೈ ತಡೆದರೆ ತಡೆಯಿತು. ಒಬ್ಬ ಮನುಷ್ಯನ ಜೀವ ತನ್ನ ಮಣಿಕಟ್ಟಿನ ಲಯದಲ್ಲಿ ನಡೆಯುತ್ತಿದೆ ಎಂಬುದು ಅವಳ ಅರಿವಿಗೆ ಬಂತು. ಭಯವಾಗಬೇಕಿತ್ತು. ಆದರೆ ಗರ್ಭಗುಡಿಯ ಮುಂದೆ ಪರದೆ ಸರಿದಾಗ ಮಾತು ನಿಂತುಹೋಗುತ್ತದಲ್ಲ, ಅಂಥ ಒಂದು ನಿಶ್ಶಬ್ದ ಅವಳೊಳಗೆ ಹಬ್ಬಿತು.

"ನಿಧಾನ ಕಣಮ್ಮ," ಎಂದರು ಇಂದುಧರ, ತಮ್ಮ ರಕ್ತವನ್ನೇ ನೋಡುತ್ತ. "ಅದು ಎಲ್ಲಿಗೂ ಹೋಗೋದಿಲ್ಲ. ನಿನ್ನ ಕೈಲೇ ಇದೆ."

ರಕ್ತದ ಹಿಂದೆ ಸಲೈನ್ ಬಿಟ್ಟುಕೊಂಡು, ಕೊಳವೆ ತಿಳಿಯಾಗುವವರೆಗೆ, ಕೊನೆಯ ಕೆಂಪು ಎಳೆಯೂ ಅವರ ತೋಳಿನೊಳಗೆ ಮರೆಯಾಗುವವರೆಗೆ ಅವಳು ತಿರುಗಿಸಿದಳು. ಆ ಮಧ್ಯಾಹ್ನ ಕೋಣೆಯಲ್ಲಿದ್ದ ಯಾರಿಗೂ ಏನೂ ಆಗಲಿಲ್ಲ. ರಮಾ ಸೂಜಿ ತೆಗೆದು ಹತ್ತಿ ಒತ್ತಿಹಿಡಿದಳು. ಸುವರ್ಣಮ್ಮ ಎದ್ದು ಬಂದು, ಹತ್ತಿಯ ಮೇಲಿದ್ದ ಅವಳ ಬೆರಳುಗಳ ಮೇಲೆಯೇ ತಮ್ಮ ಕೈಯಿಟ್ಟು, "ನೀನು ಕೂತ್ಕೋ ಮಗಳೇ, ನಾನು ಒತ್ತಿ ಹಿಡ್ಕೋತೀನಿ," ಅಂದರು.

ಆ ಶನಿವಾರ ಊರಿಗೆ ಹೊರಟ ರಮಾಳನ್ನು ಸುವರ್ಣಮ್ಮ ರೈಲಿನಲ್ಲಿ ತಮ್ಮ ಪಕ್ಕ ಕೂರಿಸಿಕೊಂಡರು, ಬುತ್ತಿಯ ಅಕ್ಕಿರೊಟ್ಟಿ ಮುರಿದು ಕೊಟ್ಟರು. ಅವರ ಮನೆಯೊಳಗಾದರೆ ಹೇಗೆ ನಡೆದುಕೊಳ್ಳುತ್ತಿದ್ದರೋ ರಮಾಳಿಗೆ ಗೊತ್ತಿಲ್ಲ. ಅವಳು ಹೋಗಿ ನೋಡಿದವಳಲ್ಲ. ಆದರೆ ರೊಟ್ಟಿ ತುಂಬ ಮೆತ್ತಗಿತ್ತು.

ಪರೀಕ್ಷೆಗೆ ಹೊರಗಿನಿಂದ ಬಂದ ಡಾಕ್ಟರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ರಮಾ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳಿದಳು. ಒಂದು ಪ್ರಶ್ನೆಗೆ ಉತ್ತರ ತಪ್ಪಿತು. ಕೈಕೆಲಸದ ಪರೀಕ್ಷೆಯಲ್ಲಿ ಅವಳು ರೋಗಿಯ ತೋಳಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದಾಗ ಅವರು ಪ್ರಶ್ನೆ ಕೇಳುವುದನ್ನು ನಿಲ್ಲಿಸಿ ಕಾದರು. ಪಾಸಾದಳು. ಸರ್ಟಿಫಿಕೇಟನ್ನು ನಟರಾಜ್ ಕಟ್ಟು ಹಾಕಿಸಿ ಮನೆಯ ಬುದ್ಧನ ಪಟದ ಪಕ್ಕ ತೂಗುಹಾಕಿದ. ಓದಲು ಬಾರದ ಕೆಂಚಯ್ಯ, "ಇದರಲ್ಲಿ ನಿನ್ನ ಹೆಸರು ಎಲ್ಲೈತೆ?" ಎಂದು ಕೇಳಿ ತಿಳಿದುಕೊಂಡ.

ಇಂದುಧರ ಊರಿನ ವರ್ತಕರನ್ನು ಬಿಡದೆ ಕಾಡಿ, ಅರಸೀಕೆರೆಯಲ್ಲಿ ಅವರ ಟ್ರಸ್ಟು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಗೆ ಎರಡು ಮೆಷಿನ್ ತರಿಸಿದ್ದು ಅದಾದ ಎರಡು ವರ್ಷಕ್ಕೆ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ರಮಾಳಿಗೆ ಅವರೇ ಫೋನ್ ಮಾಡಿ ಕರೆದರು. ಅವರು ಆಮೇಲೆ ಮೂರು ವರ್ಷ ಅಲ್ಲಿಯೇ ಡಯಾಲಿಸಿಸ್ ಮಾಡಿಸಿಕೊಂಡು, ಮಂಡಿಯ ವ್ಯವಹಾರವನ್ನೂ ನೋಡಿಕೊಂಡು, ಒಂದು ದಿನ ಹೃದಯ ನಿಂತು ತೀರಿಕೊಂಡರು. ಅಷ್ಟು ವರ್ಷವೂ ಅವರ ತೋಳಿಗೆ ಸೂಜಿ ಹಾಕಿದ್ದು ರಮಾ ಒಬ್ಬಳೇ.

ಅರಸೀಕೆರೆಯಲ್ಲಿ ಮೆಷಿನ್ ಶುರುವಾದ ಮೊದಲ ವಾರ ಅರೇಹಳ್ಳಿಯಿಂದ ಮುನಿಯಮ್ಮ ಎಂಬ ಹೆಂಗಸು ಬಂದಳು. ಕಾಫಿ ತೋಟದಲ್ಲಿ ಕೆಲಸ ಮಾಡುವವಳು. ಹಾಸನದಲ್ಲಿ ಡಾಕ್ಟರು ಎರಡು ತಿಂಗಳ ಹಿಂದೆ ತೋಳಿಗೆ ಫಿಸ್ಟುಲಾ ಮಾಡಿ, ಈಗ ಇನ್ನು ತಡಮಾಡಬೇಡಿ ಎಂದು ಕಳಿಸಿದ್ದರು. ಬೇಲೂರಿನಲ್ಲಿ ಬಸ್ಸು ಬದಲಾಯಿಸಿ ಒಬ್ಬಳೇ ಬಂದಿದ್ದಳು. ಮೆಷಿನ್ ನೋಡಿ ಹೆದರಿ ಮಂಚದ ತುದಿಯಲ್ಲಿ ಕೂತಳು. ರಮಾ ಅವಳ ತೋಳು ಹಿಡಿದು ಬೆರಳಿಟ್ಟಳು. ಹೊಸ ನಾಳ, ಸದ್ದು ಎಳೆಯದು, ಆದರೆ ಸ್ಪಷ್ಟ. ಮುನಿಯಮ್ಮನ ಇನ್ನೊಂದು ಕೈಯನ್ನೂ ತಂದು ಅಲ್ಲಿಗೇ ಇಡಿಸಿದಳು.

ಮುನಿಯಮ್ಮ ಬೆರಳಿಟ್ಟು ತಲೆ ಓರೆ ಮಾಡಿದಳು. "ಏನೋ ಹಾಡ್ತೈತಲ್ಲವ್ವ."

"ನಿಮ್ಮ ರಕ್ತ ಅಮ್ಮ."

"ನಂದಾ?" ಎಂದು ಅವಳು ಕೈ ತೆಗೆಯದೆ ಹಾಗೇ ಕೂತಳು. ರಮಾ ಅವಸರಪಡಿಸಲಿಲ್ಲ. ಸೂಜಿಯ ತಟ್ಟೆ ಹಿಡಿದುಕೊಂಡು ಪಕ್ಕದಲ್ಲೇ ಕಾದಳು. ಮೆಷಿನ್ ಸಣ್ಣಗೆ ಗುಂಯ್‌ಗುಡುತ್ತ ಸಿದ್ಧವಾಗಿ ನಿಂತಿತ್ತು. ಮಧ್ಯಾಹ್ನ ಎಲ್ಲ ಮುಗಿದ ಮೇಲೆ ಮುನಿಯಮ್ಮ ಸೆರಗು ಸರಿಮಾಡಿಕೊಂಡು, ಯಾರ ಆಸರೆಯೂ ಇಲ್ಲದೆ ಮೆಟ್ಟಿಲಿಳಿದಳು. ಸಂಜೆ ಹಸು ಕರೆಯುವ ಹೊತ್ತಿಗೆ ಊರಲ್ಲಿರಬೇಕು ಎಂದು ಬಸ್ ಸ್ಟ್ಯಾಂಡಿನ ಕಡೆ ಬೇಗ ಬೇಗ ನಡೆದಳು.